ನಲ್ಲಿ ನಿಲ್ಲಿಸಿ

"ಯಾರ ಮನೆಯಲ್ಲೋ ನಲ್ಲಿ ಬಿಟ್ಟಿದೆ, ದಯವಿಟ್ಟು ನಿಲ್ಲಿಸಿ"
ಅಂದಳು ರೂವಿಯ ಕಚೇರಿಯಿಂದ ಮರ್ಲಿನ್.
ಪರದೆಯ ತುಂಬ ಹನ್ನೊಂದು ಮುಖ.
ಒಬ್ಬೊಬ್ಬರೇ ಮೈಕು ಮುಚ್ಚಿದರು,
ಕೊನೆಗೆ ಉಳಿದವಳು ನಾನು.
ನನ್ನ ಬೆನ್ನಿಗೆ ಸುಳ್ಳು ಗಾಜಿನ ಗೋಡೆಯ ಚಿತ್ರ,
ಚಿತ್ರದ ಬೆನ್ನಿಗೆ ರುಸ್ತಾಕಿನ ಬೋಳು ಬೆಟ್ಟ,
ಬೆಟ್ಟದ ಬುಡದಿಂದ ಹಬೆಯಾಡುತ್ತ ಬರುವ ನೀರು.

ತಿರುಪು ಇಲ್ಲ ಇದಕ್ಕೆ, ಮರ್ಲಿನ್.

ಮಣಿಕಟ್ಟು ಕೈಕೊಟ್ಟಿತೆಂದು ಬಂದೆ.
ಹದಿನಾರು ವರ್ಷ ಮೌಸಿನ ಬೆನ್ನು ಸವರಿದ ಕೈ.
ಡಾಕ್ಟರು ಪಟ್ಟಿ ಕೊಟ್ಟರು, ಮುಲಾಮು ಕೊಟ್ಟರು;
ಔಷಧದಂಗಡಿಯ ಹುಡುಗ ತಗ್ಗಿದ ದನಿಯಲ್ಲಿ
ಒಂದು ಊರಿನ ಹೆಸರು ಕೊಟ್ಟ. ಗಂಧಕದ ನೀರು,
ಚರ್ಮಕ್ಕೂ ಒಳ್ಳೇದು, ಕೀಲಿಗೂ.
ಎರಡು ವಾರಕ್ಕೆಂದು ಬಂದವಳಿಗೆ ಇದು ಏಳನೆಯದು.
ಬೆಳ್ಳಿಯುಂಗುರ ಮೂರನೇ ದಿನವೇ ಕಪ್ಪಾಯಿತು.
"ತೆಗೆದಿಡಬೇಕಿತ್ತು" ಅಂದಳು ಝುವೈನಾ,
ಹೆಂಗಸರ ಕಟ್ಟೆಯಲ್ಲಿ ಮೊಣಕಾಲು ಮುಳುಗಿಸಿ.
ಆಮೇಲೆ ಕೇಳಿದಳು, ಕೆಲಸ ಏನು?
ದಾರಿ ತಪ್ಪಿದ ಕಂಟೇನರು ಹುಡುಕೋದು, ಅಂದೆ.
ಸುತ್ತ ನೋಡಿದಳು:
ಕಲ್ಲು, ಖರ್ಜೂರ, ಗೋಡೆಯ ಮೇಲೊಂದು ಮೇಕೆ.
"ಇಲ್ಲೇನಾದರೂ ಸಿಕ್ಕಿತೇ?"

ಅವಳ ಲೆಕ್ಕವೇ ಬೇರೆ. ಅವಳ ಆಸ್ತಿ ಒಂದು ಅಥರ್,
ಅಂದರೆ ಅರ್ಧ ಗಂಟೆಯ ನೀರು, ಎಂಟು ದಿನಕ್ಕೊಮ್ಮೆ.
ಮೊದಲು ಎರಡಿತ್ತಂತೆ. ಮಗನ ಮದುವೆಗೆ ಒಂದನ್ನು ಮಾರಿದಳು.
ನನ್ನ ದಿನವೂ ಅರ್ಧರ್ಧ ಗಂಟೆಯ ಡಬ್ಬಿಗಳೇ,
ಕೇಳದೆ ಬಂದು ಬಣ್ಣ ಬಳಿದು ಹೋಗುತ್ತಾರೆ ಯಾರ್ಯಾರೋ.
ಒಂದನ್ನೂ ಮಾರಲಾರೆ.
ಒಂದರಿಂದಲೂ ಒಂದು ಪಾತಿ ನೆನೆದದ್ದಿಲ್ಲ.

ಮೊನ್ನೆ ಸೊಸೆಯ ಹೆರಿಗೆಗೆಂದು ಸೊಹಾರಿಗೆ ಹೊರಟವಳು
ನನ್ನ ಕೈಗೊಂದು ಟಾರ್ಚು ಕೊಟ್ಟಳು.
ನಸುಕಿನ ನಾಲ್ಕಕ್ಕೆ ಕಲ್ಲು ಸರಿಸು,
ಬಟ್ಟೆಯ ಮುದ್ದೆ ಎಳೆ,
ನಾಲ್ಕೂವರೆಗೆ ಮತ್ತೆ ತುರುಕು. ಅಷ್ಟೇ.

ಎಳೆದೆ. ನೋಯುವ ಕೈಯಲ್ಲೇ ಎಳೆದೆ.
ತೋಟ ಮುಟ್ಟುವ ಹೊತ್ತಿಗೆ ಬಿಸಿ ಆರಿದ ನೀರು
ಕಾಲ್ಬೆರಳ ಸಂದಿಯಲ್ಲಿ ಮಣ್ಣು ಸಡಿಲಿಸುತ್ತ
ಲಿಂಬೆಯ ಬುಡಕ್ಕೆ ಹೋಯಿತು, ಸೊಪ್ಪಿನ ಮಡಿಗೆ ಹೋಯಿತು.
ಜೇಬಿನಲ್ಲಿ ಫೋನು ಎರಡು ಸಲ ನಡುಗಿತು,
ಯಾವುದೋ ದೇಶದಲ್ಲಿ ಆಗಲೇ ಹಗಲು.
ಹೆಸರಿನ ಪಕ್ಕದ ನನ್ನ ಹಸಿರು ಚುಕ್ಕೆ
ರಾತ್ರಿಯಿಂದಲೇ ಹಳದಿಗೆ ತಿರುಗಿದ್ದಿರಬೇಕು.
ಇರಲಿ.

ಗೋಡೆಯಾಚೆಯಿಂದ ಕೆಮ್ಮು.
ಪಕ್ಕದ ಪಾಳಿಯ ಹುಡುಗ, ಹನ್ನೆರಡಿರಬಹುದು,
ಅಪ್ಪನ ಗಡಿಯಾರ ಮುಂಗೈಯಿಂದ ಮೊಣಕೈಗೆ ಜಾರುತ್ತಿತ್ತು.
ನಾನು ಕಲ್ಲು ಕೂರಿಸುವವರೆಗೂ ಬಾಯಿ ಬಿಡಲಿಲ್ಲ.
ಆಮೇಲೆ ಹೇಳಿದ:
"ಒಂದು ನಿಮಿಷ ಜಾಸ್ತಿ ಬಿಟ್ಟಿದ್ದೀರಿ, ಖಾಲಾ.
ಮುಂದಿನ ಸಲ ಕಳೀತೀನಿ."