ಕೊರಳು ಸೀಳಿದ್ದು

ವಾನವಡಿಯ ಆ ಹಿತ್ತಲ ಕೋಣೆಯಲ್ಲಿ
ನನ್ನ ಕೆಲಸ ಎಣ್ಣೆ ಸವರುವುದು,
ಖಾಲಿ ತೋಟಾಗಳ ಹಿತ್ತಾಳೆ ಮೈಗೆ
ತಾಗಿಯೂ ತಾಗದಷ್ಟು.
ನೂರಕ್ಕೆ ಎಂಟಾಣೆ.
ಒಳಗೆ ಅವ್ವ ಭಾಂಡೆ ತಿಕ್ಕುತ್ತಿದ್ದಳು.

ನಿಂಬಾಳ್ಕರ್ ಸಾಹೇಬರು ಹಿಡಿಕೆ ಒತ್ತುವರು.
ತೋಟಾ ಅಚ್ಚಿಗೆ ನುಗ್ಗಿ
ಕೂದಲೆಳೆಯಷ್ಟು ಸಣ್ಣಗಾಗಿ ಹೊರಬರುವುದು.
"ಸಿಡಿದಾಗ ಉಬ್ಬಿ ಬಂದೂಕಿನ ಅಳತೆ ಕಲಿತಿರ್ತದೆ,
ಅದನ್ನ ಮರೆಸಬೇಕು."
ಮರಾಠಿಯ ಮಾತು, ನನಗೆ ಅರ್ಧ ತಿಳಿಯುವುದು.

ಒಂದು ದಿನ ಎಣ್ಣೆ ಮರೆತೆ.
ಅಚ್ಚಿನಲ್ಲಿ ಕಚ್ಚಿ ಕೂತಿತು,
ಹಿಡಿಕೆ ಮೇಲೂ ಇಲ್ಲ, ಕೆಳಗೂ ಇಲ್ಲ.
ಸಾಹೇಬರು ಬೈಯಲಿಲ್ಲ. ಚಹಾ ಆರಿತು.
ನನಗೆ ಯಾಕೋ ಹೋದ ವಾರದ ಬಳೆಗಾರ ನೆನಪಾದ:
ಸೋಡಾ ನೀರಿಗೆ ಬಾತ ಅವ್ವನ ಗೆಣ್ಣಿಗೆ
ಸಾಬೂನು ಹಚ್ಚಿ ಹಚ್ಚಿ ಸೋತು
"ಒಂದಳತಿ ದೊಡ್ಡವು ತಗೋ ತಾಯಿ" ಅಂದರೆ
ಒಲ್ಲೆ ಅಂದಳು, ಮದುವೆಯ ಅಳತೆಯೇ ಬೇಕಂತೆ.
ಎರಡು ಒಡೆದವು. ಮೂರನೆಯದು ಏರಿತು.

ಐದಾರು ಸಲ ಸಿಡಿದು, ಐದಾರು ಸಲ ಕುಗ್ಗಿ
ಹಿತ್ತಾಳೆ ಗಡುಸಾಗುವುದು.
ಆಮೇಲೆ ಕೊರಳಲ್ಲೊಂದು ಗೆರೆ,
ಉಗುರಿಗೆ ಸಿಗುತ್ತದೆ, ಕಣ್ಣಿಗಲ್ಲ.
ಅಂಥವು ಡಾಲ್ಡಾ ಡಬ್ಬಿಗೆ,
ಡಬ್ಬಿ ತುಂಬಿದರೆ
ಭವಾನಿ ಪೇಠದ ಗುಜರಿಯವನಿಗೆ.

ಒಂದನ್ನು ಕದ್ದೆ.
ಬಾಯಿಗೆ ಅಡ್ಡ ಹಿಡಿದು ಊದಿದರೆ ಸೀಟಿ ಬರಬೇಕು;
ಸೀಳಿನಲ್ಲಿ ಸೋರಿ
ಬರೀ ಗಾಳಿ ಬಂತು.
ಭಾಂಡೆ ಸದ್ದು ನಿಲ್ಲಿಸಿ ಒಳಗಿಂದ ಅವ್ವ,
"ಕರದೇನು?" ಅಂದಳು.