ಈಗ ಬಾ

ಲಾಸ್ ಕಾರ್ದೋಸಿನಲ್ಲಿ ಗಾಳಿಗೆ ಹೆಸರಿಲ್ಲ.
ವರ್ಷವಿಡೀ ಮನೆಯಲ್ಲೇ ಇರುವವನನ್ನು
ಯಾರು ಹೆಸರು ಹಿಡಿದು ಕರೆಯುತ್ತಾರೆ?
ಪಡುವಣದ ಬೆಟ್ಟ ಇಳಿದು ಬರುತ್ತದೆ,
ಪಾಪ್ಲರ್ ಮರಗಳನ್ನು ಮೂಡಲಿಗೆ ಬಾಗಿಸಿಯೇ ಬೆಳೆಸಿದೆ,
ತಂತಿಯ ಮೇಲಿನ ಅಂಗಿಗಳ ತೋಳು ಜಗ್ಗಿ ಉದ್ದ ಮಾಡಿದೆ.

ರನ್‌ವೇ ಮಾತ್ರ ತೆಂಕು ಬಡಗು.
ಕುರಿಸಾಹುಕಾರ ಬಿಟ್ಟುಕೊಟ್ಟ ಪಟ್ಟಿ ಹಾಗಿತ್ತು,
ದಾನದ ದನದ ಹಲ್ಲು ಎಣಿಸಲು ಆಗ ಯಾರೂ ಹೋಗಲಿಲ್ಲ.
ಒಂಬೈನೂರು ಮೀಟರು ಜಲ್ಲಿ, ಬದಿಗೆ ಮುಳ್ಳುಗಿಡ,
ತುದಿಯಲ್ಲಿ ತಗಡಿನ ಗೂಡು,
ಗೂಡಿನಲ್ಲಿ ಒಲೆ, ರೇಡಿಯೊ, ಎದೆಲ್ಮಿರಾ.
ಕುರಿ ಓಡಿಸುವುದು ಅವಳ ಕೆಲಸ,
ಗಾಳಿಚೀಲ ಹರಿದರೆ ಹೊಲಿಯುವುದೂ.
ಈ ಸಲದ್ದು ಮಗಳ ಹಳೇ ಟೆಂಟಿನ ಕಿತ್ತಳೆ ಬಟ್ಟೆ.

ಆ ಮಂಗಳವಾರ ಚೀಲ ದೊಣ್ಣೆಯ ಹಾಗೆ ನೆಟ್ಟಗಿತ್ತು.
ಮೇಲೆ ಫೌಸ್ತೊ ಸುತ್ತುತ್ತಿದ್ದ.
ಒಮ್ಮೆ ಇಳಿಯಲು ಬಂದು, ಒಲ್ಲೆ ಎಂದು ಮೇಲೆದ್ದ.
ಇನ್ನೊಮ್ಮೆಯೂ.
ನಾಲ್ಕು ಸೀಟಿನ ವಿಮಾನದ ಹಿಂದಿನ ಸೀಟಿನಲ್ಲಿ
ಬೆಲ್ಟು ಬಿಗಿದು ಕೂತಿದ್ದವು ಮೂರು ರಟ್ಟಿನ ಪೆಟ್ಟಿಗೆ,
ನಿನ್ನೆ ಮೊಟ್ಟೆಯೊಡೆದ ನೂರಿಪ್ಪತ್ತು ಕೋಳಿಮರಿ.
ಪೆಟ್ರೋಲು ಎಷ್ಟು ಉಳಿದಿದೆ, ಅವನು ಹೇಳಲಿಲ್ಲ,
ಅವಳು ಕೇಳಲಿಲ್ಲ.
"ಕೆಳಗೆ ಹೇಗಿದೆ?" ಅಂದ, ಅಷ್ಟೆ.

ಗಾಳಿ ಬಂದಾಗ ತೂರಿಕೋ ಎಂದವರು
ಈ ಬಯಲಲ್ಲಿ ಬಾಳಿದವರಲ್ಲ.
ಇಲ್ಲಿ ಎಲ್ಲರೂ ಕಾಯುವುದು ಅದು ಉಸಿರೆಳೆದುಕೊಳ್ಳುವ ಗಳಿಗೆಗೆ:
ಟ್ರಕ್ಕಿನ ಬಾಗಿಲು ತೆರೆಯಲು,
ಕಡ್ಡಿ ಗೀರಲು,
ಸತ್ತವರ ಮೇಲೆ ಮಣ್ಣು ಎಳೆಯಲು.

ಚೀಲದ ತುದಿ ಬಗ್ಗಿತು.
ದಿನವಿಡೀ ಕೈ ಚಾಚಿ ನಿಂತವರು ಮೊಣಕೈ ಮಡಿಸುವ ಹಾಗೆ
ಮೆಲ್ಲಗೆ ಕಂಬಕ್ಕೆ ಒರಗಿತು.
ಈಗ ಬಾ, ಅಂದಳು.

ಬಂದ. ಏಡಿಯ ಹಾಗೆ
ಮೂಗು ಬೆಟ್ಟದ ಕಡೆ, ದಾರಿ ರನ್‌ವೇಯ ಕಡೆ.
ನೆಲ ಇನ್ನು ಆಳೆತ್ತರ ಎನ್ನುವಾಗ ನೇರವಾದ,
ಪಡುವಣದ ರೆಕ್ಕೆ ತಗ್ಗಿಸಿದ,
ಒಂದು ಗಾಲಿ ಜಲ್ಲಿ ಮುಟ್ಟಿತು,
ಮುಟ್ಟಿತು ಎಂದು ಅವಳೂ ಉಸಿರು ಬಿಟ್ಟಳು,

ತಗ್ಗಿದ ರೆಕ್ಕೆಯ ಅಡಿಗೆ ಯಾರೋ ಕೈ ಹಾಕಿ ಎತ್ತಿದರು.
ಆಚೆಯದರ ತುದಿ ನೆಲ ಕೆರೆಯಿತು.
ಬಾಲ ತಿರುಗಿತು, ಮೂಗಿನ ಗಾಲಿ ಮುರಿಯಿತು,
ಪ್ರೊಪೆಲ್ಲರು ಒಂದು ಬಾಯಿ ಜಲ್ಲಿ ಅಗಿದು ನಿಂತಿತು.

ಆಮೇಲೆ ಗಾಳಿ. ಗಾಳಿಯೊಳಗೆ
ಚಿಯ್ ಚಿಯ್ ಚಿಯ್.

ಹೆಗಲೆಲುಬು ಮುರಿದ ಫೌಸ್ತೊ ಹೊರಬಂದು
ಮೊದಲು ಹೇಳಿದ್ದು: ಸ್ವಿಚ್ಚುಗಳನ್ನೆಲ್ಲ ಆರಿಸಿದ್ದೇನೆ.
ಹಿಂದಿನ ಕಿಟಕಿಯಿಂದ ಹಳದಿ ಸೋರುತ್ತಿತ್ತು,
ಮರಿಗಳು ನಡೆಯಲಿಲ್ಲ, ಉರುಳಿದವು,
ಬೂರುಗದ ಅರಳೆಯ ಹಾಗೆ ಮೂಡಲಿಗೆ.
ಊರಿಗೂರೇ ಬಂತು. ಟೋಪಿಯಲ್ಲಿ, ಏಪ್ರನ್ನಿನಲ್ಲಿ,
ಶಾಲೆಯ ಹುಡುಗರು ಅಂಗಿಯೊಳಗೆ ತುಂಬಿಕೊಂಡರು.
ಕತ್ತಲಾಗುವಾಗ ತೊಂಬತ್ತೊಂದು ಸಿಕ್ಕಿದ್ದವು.
ಒಂದು, ಮುಳ್ಳುಗಿಡದ ಬುಡದಲ್ಲಿ, ನಿದ್ದೆ ಹೋಗಿತ್ತು.

ಐದು ದಿನಕ್ಕೆ ಇನ್ಸ್‌ಪೆಕ್ಟರು ಬಂದ, ಫಾರಮ್ಮು ತಂದ.
ಗಾಳಿಯ ವೇಗ ಎಷ್ಟು?
ಅಳೆಯುವ ಯಂತ್ರವನ್ನು ಗಾಳಿಯೇ ಒಯ್ದು ಎರಡು ವರ್ಷ ಆಯಿತು.
ಹಾಗಾದರೆ ಚೀಲ ಎಷ್ಟು ಹೊತ್ತು ಬಗ್ಗಿತ್ತು?
ಈಗ ಬಾ ಅನ್ನುವಷ್ಟು ಹೊತ್ತು.
ಅವನು ಅದನ್ನು ಬರೆದುಕೊಳ್ಳಲಿಲ್ಲ.
ಫೌಸ್ತೊನ ಹೇಳಿಕೆಯಲ್ಲೂ ಆ ಮಾತಿರಲಿಲ್ಲ.
ಇಳಿಯುವ ತೀರ್ಮಾನ ನನ್ನದು, ಎಡಗೈಯಲ್ಲಿ ಬರೆದಿದ್ದ,
ಅಕ್ಷರಗಳೆಲ್ಲ ಮೂಡಲಿಗೆ ವಾಲಿದ್ದವು.
ಸಾಕ್ಷಿ ಎಂಬಲ್ಲಿ ಅವಳು ಸಹಿ ಹಾಕಿದಳು.

ಈಗ ಬೇರೆ ಪೈಲಟ್ಟುಗಳು ಕೇಳುತ್ತಾರೆ, ಕೆಳಗೆ ಹೇಗಿದೆ.
ಚೀಲ ನೆಟ್ಟಗಿದೆ, ಅನ್ನುತ್ತಾಳೆ.
ಚೀಲ ಬಗ್ಗಿದೆ. ಮತ್ತೆ ನೆಟ್ಟಗಿದೆ.
ಬಾ ಎನ್ನುವುದಿಲ್ಲ.
ಗೂಡಿನ ಮರೆಯಲ್ಲಿ ಅವಳ ಪಾಲಿನ ಹನ್ನೊಂದು ಕೋಳಿ
ಕೊಕ್ಕು ಗಾಳಿಗೆ ಒಡ್ಡಿ ಕೂತಿರುತ್ತವೆ,
ಪುಕ್ಕ ಕೆದರದ ಹಾಗೆ.
ಯಾರೂ ಕಲಿಸಿದ್ದಲ್ಲ.