ಹೆಚ್ಚುವರಿ ಹಾಳೆ

ಗ್ರಿಮ್ಸ್‌ಬಿ, ಮೇ ತಿಂಗಳು. ಶಾಲೆಯ ಆಟದ ಹಾಲಿನಲ್ಲಿ
ಬ್ಯಾಡ್ಮಿಂಟನ್ ಗೆರೆಗಳ ಮೇಲೆ ನೂರ ನಲವತ್ತು ಮೇಜು.
ನನ್ನ ಕೆಲಸ ನಡೆಯುವುದು. ಸದ್ದಾಗದ ಚಪ್ಪಲಿಯಲ್ಲಿ,
ಗಂಟೆಗೆ ಹನ್ನೆರಡು ಪೌಂಡು ಚಿಲ್ಲರೆಗೆ,
ಯಾರೂ ಯಾರನ್ನೂ ನೋಡದಂತೆ ನೋಡುತ್ತ.

ಒಂದು ಕೈ ಮೇಲೆ. ಹುಡುಗಿ. ಹಾಳೆ ಬೇಕು.
ಇನ್ನೊಂದು ಕೈ, ಮಣಿಕಟ್ಟಿಗೆ ಕೂದಲ ರಬ್ಬರ್ ಬ್ಯಾಂಡು. ಹುಡುಗಿ.
ಹನ್ನೊಂದರೊಳಗೆ ಮೂವತ್ತೊಂದು ಹಾಳೆ ಕೊಟ್ಟೆ,
ಹುಡುಗರಿಗೆ ಹೋದದ್ದು ನಾಲ್ಕು.
ಲೆಕ್ಕ ಇಡು ಅಂತ ಯಾರೂ ಹೇಳಿರಲಿಲ್ಲ.
ಸುಮ್ಮನೆ ನಡೆಯುವವಳಿಗೆ ಎಣಿಸದೆ ಇನ್ನೇನು ಗತಿ?

ಸ್ಟಾಫ್ ರೂಮಿನಲ್ಲಿ ಇದಕ್ಕೆಲ್ಲ ಕಾರಣಗಳಿವೆ,
ಬಿಸ್ಕತ್ತಿನ ಡಬ್ಬಿಯ ಪಕ್ಕದಲ್ಲೇ ಇಟ್ಟಿರುತ್ತಾರೆ.
ಸಮಾಜಶಾಸ್ತ್ರದ ಥ್ರೆಲ್‌ಫಾಲ್ ಮೇಡಂ ಚಹಾ ಕಲಕುತ್ತಾರೆ:
ಹುಡುಗಿಯರು ಕೋಣೆಯಲ್ಲಿ ಕೂತು ಮಾತಾಡಿ ಮಾತಾಡಿ ಭಾಷೆ ಪಳಗಿಸಿಕೊಂಡರು,
ಹುಡುಗರು ಬೀದಿಯಲ್ಲಿ ಚೆಂಡು ಒದ್ದರು;
ಅಮ್ಮ ಕೆಲಸಕ್ಕೆ ಹೊರಟದ್ದನ್ನು ಹೆಣ್ಣುಮಕ್ಕಳು ಕಂಡರು,
ಅಪ್ಪ ಕೆಲಸದಿಂದ ಬಂದವನು ಮತ್ತೆ ಹೋಗದ್ದನ್ನು ಗಂಡುಮಕ್ಕಳು.
ಆಮೇಲೆ ನಾವು, ಅನ್ನುತ್ತಾರೆ, ನಾವೇ,
ಹಿಂದಿನ ಬೆಂಚಿನವನ ಹಣೆಗೆ ಏಳನೇ ಕ್ಲಾಸಿನಲ್ಲೇ
ಒಂದು ಚೀಟಿ ಅಂಟಿಸಿಬಿಟ್ಟಿರುತ್ತೇವೆ.
ಎಲ್ಲ ನಿಜ. ಚಹಾ ಆರುವವರೆಗೂ ನಿಜ.

ಕೋರಿ ಬ್ಲಾಂಚರ್ಡ್, ಮೇಜು ಎಫ್-ಒಂಬತ್ತು.
ಅವನ ತಾತ ಕಾಡ್ ಮೀನಿನ ಬೆನ್ನು ಹತ್ತಿ ಐಸ್‌ಲ್ಯಾಂಡ್ ಮುಟ್ಟಿ ಬಂದವನು,
ಓದು ಬಾರದೆ, ಓದು ಬೇಕೆನಿಸುವ ದಿನವೂ ಬಾರದೆ.
ಈಗ ಈ ಊರಿಗೆ ಮೀನು ಲಾರಿಯಲ್ಲಿ ಬರುತ್ತದೆ.
ಬಲೆ ಎಳೆಯುವ ತೋಳುಗಳು ಮಾತ್ರ ಇನ್ನೂ ಹುಟ್ಟುತ್ತಲೇ ಇವೆ;
ಹಿಡಿಯಲು ಪೆನ್ನು ಕೊಡುತ್ತೇವೆ.

ಇಪ್ಪತ್ತು ನಿಮಿಷಕ್ಕೆ ಮೇಜಿಗೆ ತಲೆ ಇಟ್ಟು ಮಲಗುವವನು
ಇವತ್ತು ಬರೆದ.
ಪ್ರಶ್ನೆ ಯಾವುದೋ, ನಾನು ಓದುವಂತಿಲ್ಲ.
ಬರೆದ, ಕೊನೆಯ ಗೆರೆ ದಾಟಿ, ಅಂಚಿನಲ್ಲೂ, ಅಕ್ಷರ ಚಿಕ್ಕದು ಮಾಡಿಕೊಂಡು,
ತುಂಬಿದ ಬಸ್ಸಿನ ಫುಟ್‌ಬೋರ್ಡಿಗೆ ಜೋತುಬಿದ್ದವರ ಹಾಗೆ.
ಆಮೇಲೆ ಕೈ ಎದ್ದಿತು, ಕಿವಿಯವರೆಗೆ.
ಹಿಂದೆ ಯಾರೋ ಕೆಮ್ಮಿದರು. ಕೆಮ್ಮಲ್ಲ ಅದು.
ಕೈ ಕಿವಿ ಕೆರೆದು ಇಳಿಯಿತು.

ಹರಿಹರದಲ್ಲಿ ನಮ್ಮ ಶಾಲೆಯ ಕಾಂಪೌಂಡಿಗೆ ನೀಲಿ ಬಣ್ಣದಲ್ಲಿ ಬರೆದಿತ್ತು:
ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ.
ಅದರ ಕೆಳಗೆ ನಿಂತು ನಾನು
ಅಣ್ಣನ ಟ್ಯೂಷನ್ ಮುಗಿಯುವುದನ್ನು ಕಾಯುತ್ತಿದ್ದೆ,
ಅವನ ತಿಂಡಿಯ ಡಬ್ಬಿ ಕೈಯಲ್ಲಿ ಹಿಡಿದು.
ಆ ಸಿಟ್ಟು ಇನ್ನೂ ಇದೆ.
ಹುಡುಗಿಯರ ಕೈ ಮೇಲೆದ್ದಾಗೆಲ್ಲ
ಹೊಟ್ಟೆ ತಂಪಾಗುತ್ತದೆ, ಸುಳ್ಳೇಕೆ ಹೇಳಲಿ.
ಗಂಡೊಂದು ಕಲಿತರೆ ಏನು ತೆರೆದಂತೆ
ಅಂತ ಆ ಗೋಡೆ ಹೇಳಿರಲಿಲ್ಲ.
ಜಾಗವಿತ್ತು.

ಜೂನ್ ಬಂದರೆ ದೊಡ್ಡವರ ಫಿಸಿಕ್ಸ್ ಪರೀಕ್ಷೆ.
ಹತ್ತೊಂಬತ್ತು ಮೇಜು, ಹುಡುಗಿಯರು ಮೂವರು.
ಹಾಳೆ ಹಾಳೆ ಅಂತ ಎದ್ದ ಕೈಗಳೆಲ್ಲ ಎಲ್ಲಿ ಇಳಿದವು?
ಹೋದ ವರ್ಷ ಎಲ್ಲದರಲ್ಲೂ ಒಂಬತ್ತು ತೆಗೆದ ಟೆಗನ್
ಶಿಶುವಿಹಾರದ ಕೋರ್ಸಿಗೆ ಸೇರಿದಳು.
ಮಕ್ಕಳೆಂದರೆ ಇಷ್ಟವಂತೆ. ಇರಬಹುದು.
ಅವಳ ಹಣೆಯಲ್ಲೂ ಚೀಟಿ ಇತ್ತೇ ಇತ್ತು,
ಹೂವಿನ ಚಿತ್ರವಿದ್ದದ್ದರಿಂದ ಯಾರೂ ಕೀಳಲಿಲ್ಲ.

ಕೇಳದವರಿಗೆ ಹಾಳೆ ಕೊಡಬಾರದು, ಅದು ನಿಯಮ.
ಎಫ್-ಒಂಬತ್ತರ ಪಕ್ಕ ಹಾದುಹೋಗುವಾಗ
ಒಂದು ಹಾಳೆ ನನ್ನ ಕೈಯಿಂದ ಮೇಜಿನ ಮೂಲೆಗೆ ಜಾರಿತು ಅಂದುಕೊಳ್ಳಿ.
ಸಾಲಿನ ಕೊನೆಯವರೆಗೆ ತಿರುಗಿ ನೋಡಲಿಲ್ಲ.
ಮನಸ್ಸಿನಲ್ಲಿ ಮೂವತ್ತೆರಡು ಅಂದೆ.

ಗಂಟೆ ಮುಗಿದು ಒಟ್ಟುಮಾಡುವಾಗ
ಅದರಲ್ಲಿ ಹೆಸರಿತ್ತು, ಸಂಖ್ಯೆಯಿತ್ತು,
ಕೆಳಗೆ ಒಂದೂವರೆ ವಾಕ್ಯ.
ಓದಬಾರದು. ಓದಲಿಲ್ಲ.
ಪೂರ್ಣವಿರಾಮ ಇರಲಿಲ್ಲ ಅನ್ನುವುದಷ್ಟೇ ಕಂಡಿತು